ಒತ್ತಿದರಷ್ಟೇ ಬೆಳಕು

ಇದನ್ನು ನನಗೆ ಮೊದಲು ಹೇಳಿದವಳು ನಮ್ಮ ಚಿಗವ್ವನ ಹಿರಿಮಗಳು ಪದ್ಮಶ್ರೀ. ನಾರಾಯಣಪೇಟೆಯಲ್ಲಿ ಒಂದು ಮದುವೆ. ಹೆಂಗಸರೆಲ್ಲ ಮಾಳಿಗೆಯ ಮೇಲೆ ಜಮಖಾನ ಹಾಸಿ ಮಲಗಿದ್ದೆವು. ಪದ್ಮಶ್ರೀ ಬ್ಯಾಂಕಿನವಳು, ದೇವರು ಎದುರಿಗೆ ಬಂದು ನಿಂತರೂ ಆಧಾರ್ ಕಾರ್ಡ್ ಕೇಳುವಂಥವಳು. ಅಂಥವಳು ದನಿ ತಗ್ಗಿಸಿ ದೆವ್ವದ ಮಾತು ಎತ್ತಿದರೆ ದಿಂಬು ಹತ್ತಿರ ಎಳೆದುಕೊಳ್ಳದೆ ಇರುವುದಾದರೂ ಹೇಗೆ? ನಡೆದದ್ದು ಅವಳ ಸ್ವಂತ ತಂಗಿ ಗಂಗಾಂಬಿಕಾಗೆ. ತೆಲಂಗಾಣದ ಗಡಿಯ ಮಕ್ತಲಿನಲ್ಲಿ, ಗಂಡನ ಮನೆಯಲ್ಲಿ.

ಅವತ್ತು ಗಂಗಾ ನಾರಾಯಣಪೇಟೆಯಿಂದ ಕಡೆಯ ಬಸ್ಸಿಗೆ ಬಂದು ಇಳಿದಳು. ಕೈಚೀಲದಲ್ಲಿ ನೇಮಕದ ಆದೇಶ ಇತ್ತು. ಗದ್ವಾಲದ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಗಣಿತ ಕಲಿಸುವ ಕೆಲಸ. ಮರುದಿನ ಸಂಜೆಯೊಳಗೆ ಹೋಗಿ ಹಾಜರಾಗಬೇಕು, ಇಲ್ಲದಿದ್ದರೆ ಅದು ಬೇರೆಯವರ ಪಾಲು. ಎಮ್ಮೆಸ್ಸಿ ಓದಿದ ಹುಡುಗಿ ಮದುವೆಯಾಗಿ ಬಂದ ಮೇಲೆ ಮಾಡಿದ ಲೆಕ್ಕವೆಂದರೆ ಹಾಲಿನವನದು, ಅಗಸರದು. ಈಗ ಬಾಗಿಲು ಒಂದಿಷ್ಟು ತೆರೆದಿತ್ತು. ಅಡ್ಡ ಇದ್ದದ್ದು ಒಂದೇ... ಮನೆಯಲ್ಲಿ ಉರಿಯುತ್ತಿದ್ದ ದೀಪ.

ಎಂಥ ದೀಪ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಅವಳ ಮೈದುನ ಗುರುಪ್ರಸಾದ ಆ ವಾರವೇ ತೀರಿಕೊಂಡಿದ್ದ. ಹೆಣ್ಣು ನೋಡುತ್ತಿದ್ದ ವಯಸ್ಸು. ರಾತ್ರಿ ಕಂಪ್ಯೂಟರಿನಲ್ಲಿ ಗೇಮ್ ಆಡುತ್ತ ಕುಂತವನು ಕುಂತಲ್ಲೇ ಹೋದ... ಎದೆ ಅಂದರು. ಅವನು ರಾಯಚೂರಿನಿಂದ ತಂದ ಗೇಮಿಂಗ್ ಕೀಬೋರ್ಡ್ ಮಾತ್ರ ಅವನ ಕೈಕೆಳಗೆ ಕೆಂಪಗೆ ಹೊಳೆಯುತ್ತಲೇ ಇತ್ತು. ಜೀವ ಹೋದ ಜಾಗದಲ್ಲಿ ದೀಪ ಇಡಬೇಕಲ್ಲ, ನೆರೆಯವರು ಇಟ್ಟರು. ಗೋಳಾಟದಲ್ಲಿ ಕೂಲರ್ ಬಂದ್ ಮಾಡುವುದು ಯಾರಿಗೂ ನೆನಪಾಗಲಿಲ್ಲ. ಅದರ ಗಾಳಿಗೆ ಎಣ್ಣೆಯ ದೀಪ ಆರಿತು. ಅತ್ತೆ ಶೇಖಮ್ಮ ಆರಿದ ಪಣತಿಯನ್ನು ನೋಡಿದರು. ಹೊಳೆಯುತ್ತಿದ್ದ ಕೀಬೋರ್ಡನ್ನೂ ನೋಡಿದರು.

"ಅದೇ ನನ್ನ ಮಗನ ದೀಪ. ಅವ ಕಡೀಕ ನೋಡಿದ ಬೆಳಕು ಅದು. ಅಯ್ಯನೋರು ಬಂದು ಸಾಗಹಾಕೋತನ ಆರಬಾರದು. ಆರಿದ್ರ ಅವ ಈ ಕೋಲ್ಯಾಗ ಸಿಗಬಿದ್ದ ಅಂತ ತಿಳಕೋರಿ. ಮತ್ತ ಹೊಸಾ ದೀಪ ಹಚ್ಚಬೇಕು, ಮತ್ತ ಮೊದಲನೇ ದಿನದಿಂದ ಹಿಡೀಬೇಕು. ಅಲ್ಲೀತನ ಈ ಮನಿಯವರು ಯಾರೂ ಹೊರಗ ಮಕ್ಕೊಳ್ಳಂಗಿಲ್ಲ."

ಲಿಂಗವಂತರಿಗೆ ಸೂತಕವಿಲ್ಲ ಎಂದು ಶರಣರು ಹೇಳಿ ಎಷ್ಟೋ ಶತಮಾನ ಆಯಿತು. ಶೇಖಮ್ಮನವರಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.

ಅಯ್ಯನವರು ಬರುವುದು ಮರುದಿನ ಬೆಳಿಗ್ಗೆ. ಗಂಗಾಳ ಗಂಡ ಪರಮೇಶ ಅವರನ್ನು ಕರೆತರಲು ಮರಿಕಲ್ಲಿಗೆ ಹೋಗಿದ್ದ; ಅಯ್ಯನವರ ಕೆಲಸವೆಂದು ಅವನೊಬ್ಬನಿಗೆ ಮಾತ್ರ ಹೊರಗೆ ಉಳಿಯಲು ಅತ್ತೆಯ ಅಪ್ಪಣೆ. ಇನ್ನೊಂದೇ ರಾತ್ರಿ ಆ ಬೆಳಕು ಉಳಿದರೆ ಸಾಕು, ಗಂಗಾ ಗದ್ವಾಲದ ಬಸ್ಸು ಹತ್ತಬಹುದಿತ್ತು.

ಬಸ್‌ಸ್ಟ್ಯಾಂಡಿನಿಂದ ಮನೆಗೆ ಹಳೇ ಬಾವಿಯ ದಾರಿ. ಬೀದಿದೀಪ ಇಲ್ಲ. ಬಾವಿಯ ಒಳಗೆ ಏನೋ ಬಿತ್ತು... ಗುಳುಂ. ಗಂಗಾ ಬೇಗಬೇಗ ಹೆಜ್ಜೆ ಹಾಕಿದಳು. ಕಟ್ಟೆಯ ಮೇಲೆ ಯಾರೋ ಕೂತಿದ್ದರು.

"ಎವರು?"

ಪಕ್ಕದ ಮನೆಯ ಕಿಷ್ಟಮ್ಮ. ಸೆಕೆಗೆ ಹೊರಗೆ ಬಂದು ಕೂತಿದ್ದಾಳೆ. ಅವಳ ಮಾತೆಲ್ಲ ಅರ್ಧ ತೆಲುಗು, ಅರ್ಧ ಕನ್ನಡ.

"ನಾನ್ರೀ, ಗಂಗಾ."

"ಬಿಡ್ಡಾ, ಇಲ್ಲಿ ಬಾ..." ಕಿಷ್ಟಮ್ಮ ಪಿಸುಗುಟ್ಟಿದಳು. "ನಿನ್ನಿ ರಾತ್ರಿ ಆ ಕೋಲ್ಯಾಗ ಯಾರು ಕಾಯಾಕ ಕುಂತಿದ್ರು?"

"ಅತ್ತಿ ಕುಂತಿದ್ರು."

"ನಿಮ್ಮತ್ತಿ ಗೊರಕಿ ನಮ್ಮ ಮನೀತನ ಕೇಳ್ತಿತ್ತು. ಆದ್ರ ಕಿಟಕ್ಯಾಗ ಬಣ್ಣ ಬದಲಾತು. ಎರ್ರಗ, ಕೆಂಪಗ ಇದ್ದದ್ದು ನೀಲಿ ಆತು. ಆಮ್ಯಾಲ ಮತ್ತ ಎರ್ರಗ."

"ಅದನ್ನ ಯಾರೂ ಮುಟ್ಟಿಲ್ಲ ಕಿಷ್ಟಮ್ಮಾ."

"ನಾಕು ತೆಲ್ಸು," ಅಂದಳು. ನನಗೆ ಗೊತ್ತು... ಅಷ್ಟೇ. ಸೆರಗು ಕೊಡವಿ ಎದ್ದು ಹೋದಳು.

ಶೇಖಮ್ಮ ಬಾಗಿಲಲ್ಲೇ ಕಾದಿದ್ದರು. ಬಂದೆಯಾ, ಉಂಡೆಯಾ ಅನ್ನಲಿಲ್ಲ.

"ನಾಳಿ ಅಯ್ಯನೋರು ಬರ್ತಾರ. ಆ ಕೆಂಪು ನೋಡಿ, ಇದು ಸಾವಿನ ಮನೀನೋ ಕಳ್ಳಿನ ಅಂಗಡೀನೋ ಅಂತಾರ. ತುಪ್ಪದ ದೀಪದಂಗ ಹಳದಿ ಮಾಡು."

"ಅತ್ತೀ, ಬಣ್ಣ ತಿರುವೋದು ಗುರುಗಷ್ಟೇ ಬರ್ತಿತ್ತು."

"ಗಣಿತದ ಮೇಡಂ ಅಂತ! ಒಂದ್ ಬಣ್ಣ ತಿರುವಾಕ ಬರಂಗಿಲ್ಲ, ಗದ್ವಾಲದಾಗ ಏನ್ ಕಲಸ್ತೀ?"

ಗಂಗಾ ಗುರುವಿನ ಕೋಣೆಯೊಳಗೆ ಹೋದಳು, ಆ ರಾತ್ರಿ ಕಾಯುವ ಪಾಳಿ ಅವಳದು. ಹಿಂದೆಯೇ ಹೊರಗಿನಿಂದ ಚಿಲಕ ಬಿತ್ತು... ಖಟ್.

"ಅತ್ತೀ?"

"ನಿದ್ದಿಗಣ್ಣಾಗ ಎದ್ದು ಬಂದೀ ಅಂತ ಹಾಕೀನಿ. ಬೆಳಗಾದ ಮ್ಯಾಲ ತೆಗೀತೀನಿ." ಚಾಪೆ ಬಿಚ್ಚಿದ ಸದ್ದು. ಸ್ವಲ್ಪ ಹೊತ್ತಿಗೆ ಗೊರಕೆ.

ಕೋಣೆಯಲ್ಲಿ ಇದ್ದದ್ದು ಒಂದು ಕುರ್ಚಿ, ಅವನದು. ಗಂಗಾ ಅದನ್ನು ಬಿಟ್ಟು ಸ್ಟೂಲು ಎಳೆದುಕೊಂಡಳು. ಗುರು ಹೇಗೆ ಮಾಡುತ್ತಿದ್ದ? ಕೆಳಸಾಲಿನ ಒಂದು ಕೀ ಒತ್ತಿಹಿಡಿದು, ಬಲಗಡೆಯದೊಂದನ್ನು ತಟ್ಟುತ್ತಿದ್ದ. "ನೋಡತ್ತಿಗಿ, ಹಬ್ಬ!" ಅನ್ನುತ್ತಿದ್ದ. ಅವಳೂ ಹಾಗೇ ಮಾಡಿದಳು. ಹಸಿರು ಬಂತು. ಇನ್ನೊಮ್ಮೆ ತಟ್ಟಿದಳು. ನೀಲಿ. ಮತ್ತೊಮ್ಮೆ. ಬಣ್ಣಗಳೆಲ್ಲ ಮೆರವಣಿಗೆಯ ಡಿಜೆ ಗಾಡಿಯಂತೆ ಈ ತುದಿಯಿಂದ ಆ ತುದಿಗೆ ಓಡತೊಡಗಿದವು. ಅಯ್ಯನವರು ಇದನ್ನು ನೋಡಿದರೆ ಮುಗಿಯಿತು. ಮತ್ತೆ ತಟ್ಟಿದಳು. ಈಗ ಬಿಳಿ ಬೆಳಕು ನಿಧಾನ ಏರಿತು, ನಿಧಾನ ಇಳಿಯಿತು... ಏರಿತು... ಇಳಿಯಿತು. ಮಲಗಿದವರ ಎದೆಯಂತೆ. ಅವಳಿಗೆ ಅದನ್ನು ನೋಡಲಾಗಲಿಲ್ಲ. ಗಾಬರಿಯಲ್ಲಿ ಎರಡು ಮೂರು ಕೀ ಒಟ್ಟಿಗೇ ಅಮುಕಿದಳು.

ಕತ್ತಲೆ.

ದೀಪ ಆರಿತ್ತು.

ಗಂಗಾ ಕೈ ತಡವರಿಸಿ ಸಿಕ್ಕಿದ ಒಂದು ಕೀ ಒತ್ತಿದಳು... ಟಿಕ್. ಆ ಒಂದೇ ಕೀಲಿಯ ಕೆಳಗೆ ನೀಲಿ ಬೆಳಕು ಮೂಡಿತು. ಮೂಡಿ, ಮಾಸುತ್ತ ಬಂತು. ಪೂರಾ ಮಾಸುವ ಮೊದಲೇ ಇನ್ನೊಂದು ಒತ್ತಿದಳು... ಟಿಕ್. ಅಲ್ಲೊಂದು ಬೆಳಕು.

ಆಗ ತಿಳಿಯಿತು. ಇದು ಒತ್ತಿದರಷ್ಟೇ ಬೆಳಗುವ ಬಗೆ. ಒತ್ತುತ್ತಲೇ ಇದ್ದರೆ ದೀಪ ಇದೆ, ಬಿಟ್ಟರೆ ಇಲ್ಲ. ಮೊದಲಿನದಕ್ಕೆ ತಿರುಗಿಸಲು ನೋಡಿದಳು. ಕೆಳಗಿನದನ್ನು ಹಿಡಿದು ಬಲಗಡೆಯದನ್ನು ತಟ್ಟಿದಳು, ಕತ್ತಲಲ್ಲಿ ಬೇರೆಯದೇ ಸಿಕ್ಕಿತೋ ಏನೋ, ಬೆಳಕು ಇನ್ನಷ್ಟು ಮಂಕಾಯಿತು. ಇನ್ನೊಮ್ಮೆ ಮಾಡಿ ಪೂರ್ತಿ ಹೋದರೆ? ಮೇಜಿನ ಮೇಲಿದ್ದ ವಿಭೂತಿ ಗಟ್ಟಿಯನ್ನು ಒಂದು ಕೀಲಿಯ ಮೇಲೆ ಹೇರಿದಳು. ಬೆಳಕು ಬಂತು, ಗಟ್ಟಿ ಅಲ್ಲೇ ಇದ್ದರೂ ಮಾಸಿ ಹೋಯಿತು. ಭಾರ ಹೇರಿ ಬಿಟ್ಟರೆ ಆಗುವುದಿಲ್ಲ, ಬೆರಳು ಏಳಬೇಕು, ಬೀಳಬೇಕು.

ಅತ್ತೆಯನ್ನು ಕೂಗಬಹುದಿತ್ತು. ಕೂಗಿದರೆ ದೀಪ ಕೆಟ್ಟದ್ದು ಗೊತ್ತಾಗುತ್ತದೆ. ಹೊಸ ದೀಪ, ಮೊದಲನೆಯ ದಿನ. ಗದ್ವಾಲ ಹೋಯಿತು.

ಆದ್ದರಿಂದ ಅವಳು ಒತ್ತುತ್ತ ಕೂತಳು. ಟಿಕ್... ಟಿಕ್... ಗೋಡೆಯ ಮೇಲೆ ಹಲ್ಲಿ ಲೊಚ್ ಅಂದಿತು. ಕೂಲರಿನಿಂದ ನೀರು ತೊಟ್... ತೊಟ್... ಹೊರಗೆ ಗೊರಕೆ. ಬಲಗೈ ಸೋತರೆ ಎಡಗೈ. ಎಡಗೈ ಸೋತರೆ ಬಲಗೈ. ಬಾಗಿಲಿಗೆ ಹೊರಗಿನಿಂದ ಚಿಲಕ, ಕಿಟಕಿಗೆ ಸರಳು, ನೀರು ಕುಡಿಯಲು ಏಳುವಂತಿಲ್ಲ. ಕಡೆಗೆ ತೋರುಬೆರಳು ತನ್ನದಲ್ಲ ಅನ್ನಿಸತೊಡಗಿತು. ಕಣ್ಣು ಎಳೆಯಿತು. ತಲೆ ಒಮ್ಮೆ ಜೋಲಿತು...

ಟಿಕ್.

ಬೆಚ್ಚಿ ಎದ್ದಳು. ಬೆಳಕು ಇತ್ತು. ಸದ್ಯ, ನಿದ್ದೆಯಲ್ಲೂ ಒತ್ತಿದ್ದೇನೆ ಅಂದುಕೊಂಡಳು.

ಆದರೆ ಅವಳ ಎರಡೂ ಕೈ ತೊಡೆಯ ಮೇಲಿದ್ದವು.

ಟಿಕ್... ಟಿಕ್...

ಕೀಬೋರ್ಡಿನ ಬಲತುದಿಯಲ್ಲಿ, ಬಾಣದ ಗುರುತಿನ ಕೀಲಿಗಳಲ್ಲಿ, ಒಂದಾದ ಮೇಲೊಂದು ನೀಲಿ ಮೂಡುತ್ತಿತ್ತು. ಪಕ್ಕದಲ್ಲಿ ಖಾಲಿ ಕುರ್ಚಿ. ಅದರ ಸ್ಪ್ರಿಂಗು ಒಮ್ಮೆ ಕಿರ್ರ್ ಅಂದಿತು.

ಗಂಗಾ ಕಿರುಚಲಿಲ್ಲ. ಅವಳಿಗೆ ಮೊದಲು ಹೊಳೆದದ್ದು, ಇವನು ಗುರು ಅಲ್ಲವೇ ಅಲ್ಲ ಎಂದು. ಗುರು ಆಡುತ್ತಿದ್ದದ್ದು ಎಡಗೈಯಲ್ಲಿ, ಎಡಗಡೆಯ ನಾಲ್ಕು ಕೀಲಿಗಳಲ್ಲಿ. ಅವುಗಳ ಅಕ್ಷರಗಳೆಲ್ಲ ಸವೆದು ಹೋಗಿವೆ. ಇದು ಬಲಗೈ... ಎಡಗೈ ಏನಾಯಿತು?

ಆಮೇಲೆ ನೆನಪಾಯಿತು. ಕುಣಿಯಲ್ಲಿ ಕೂರಿಸಿದ ಮೇಲೆ, ಮಣ್ಣು ಕೊಡುವ ಮುಂಚೆ, ಅವನ ಎಡ ಅಂಗೈಯಲ್ಲಿ ಲಿಂಗ ಇಟ್ಟಿದ್ದರು. ಬೆರಳುಗಳನ್ನು ಒಂದೊಂದಾಗಿ ಮಡಚಿದ್ದು ಅವಳ ಗಂಡನೇ.

ಎಡಗೈ ಖಾಲಿ ಇರಲಿಲ್ಲ.

"ಗುರು..." ಹೊರಗೆ ಕೇಳದ ಹಾಗೆ ಪಿಸುಗುಟ್ಟಿದಳು. "ನಾನೋ, ಅತ್ತಿಗಿ."

ಟಿಕ್.

"ನಾ ನಾಳಿ ಗದ್ವಾಲಕ್ಕ ಹೋಗಬೇಕೋ. ನೀನೂ ಹೋಗಬೇಕು. ಇಲ್ಲಿ ಕುಂತು ಇಬ್ರೂ ಏನ್ ಮಾಡೋಣು?"

ಸದ್ದು ನಿಂತಿತು. ಕಡೆಯ ಕೀಲಿಯ ನೀಲಿ ಮಾಸುತ್ತ ಬಂತು... ಇನ್ನೂ ಮಾಸಿತು... ಗಂಗಾ ಬಲಗೈ ಚಾಚಿ ತೋರುಬೆರಳಿನಿಂದ ಅದನ್ನೇ ಒತ್ತಿದಳು.

ಅವಳ ಬೆರಳಿನ ಮೇಲೆ ಇನ್ನೊಂದು ಬೆರಳು ಬಂದು ಕೂತಿತು.

ತಣ್ಣಗಿತ್ತು. ಒದ್ದೆ ಮಣ್ಣಿನ ಹಾಗೆ ತಣ್ಣಗೆ. ಅವಳು ಎಳೆದುಕೊಳ್ಳಲು ನೋಡಿದಳು. ಆಗಲಿಲ್ಲ. ಇನ್ನೊಂದು ಕೈಯಿಂದ ಬಿಡಿಸಲು ಹೋದರೆ ಕೈಗೆ ಏನೂ ಸಿಗಲಿಲ್ಲ... ಆದರೂ ಭಾರ ಇಳಿಯಲಿಲ್ಲ.

"ಬಿಡೋ," ಅಂದಳು. "ಬಿಡೋ ಗುರು. ನಿನಗ ಕೈ ಮುಗೀತೀನಿ." ಮುಗಿಯಲು ಒಂದೇ ಕೈ ಇತ್ತು.

ಬಿಡಲಿಲ್ಲ. ಒತ್ತಿಹಿಡಿದ ಕೀ ಮಾಸಬೇಕಿತ್ತು, ಮಾಸಲಿಲ್ಲ. ಅವಳು ಸ್ಟೂಲಿನ ಮೇಲೆ ಬಗ್ಗಿಕೊಂಡೇ, ಬೆರಳಿಗೆ ಕಟ್ಟಿಹಾಕಿದ ದನದ ಹಾಗೆ ಕೂತಳು. ತನ್ನನ್ನು ಉಳಿಸುತ್ತಿದ್ದಾನೋ, ಉಳಿಸಿಕೊಳ್ಳುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಕಿಟಕಿ ಬೆಳ್ಳಗಾಗುವವರೆಗೂ ತಿಳಿಯಲಿಲ್ಲ.

ಹೊರಗೆ ಜೀಪು ನಿಂತ ಸದ್ದು. ಅಯ್ಯನವರ ಗಂಟೆ... ಗಣ್. ಚಿಲಕ ತೆಗೆದರು... ಖಟ್. ಆ ಕ್ಷಣಕ್ಕೆ ಬೆರಳು ಹಗುರಾಯಿತು.

ಶೇಖಮ್ಮ ಒಳಗೆ ಬಂದು ನೋಡಿದರು. ಕೀಬೋರ್ಡೆಲ್ಲ ಕತ್ತಲೆ. ಬಲತುದಿಯ ಒಂದೇ ಒಂದು ಕೀ, ಯಾರೂ ಒತ್ತದೆ, ಹಳದಿಯಾಗಿ ಬೆಳಗುತ್ತಿತ್ತು. ಥೇಟ್ ತುಪ್ಪದ ದೀಪದ ಹಳದಿ.

"ಈಗ ಬರೋಬ್ಬರಿ ಆತು ನೋಡು," ಅಂದರು ಶೇಖಮ್ಮ. "ಬರಂಗಿಲ್ಲ ಅಂದಿ, ಬಂತಲ್ಲ?"

ಗಂಗಾ ತೋರುಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಅಯ್ಯನವರು ದೀಪ ಎಲ್ಲಿ ಅಂದರು. ತೋರಿಸಿದರು. ಅವರು ಕನ್ನಡಕ ಏರಿಸಿ ನೋಡಿ, ಕಾಲ ಬಂದಂಗ ಹೋಗಬೇಕಪ್ಪ ಅಂದು, ನೀರು ಚಿಮುಕಿಸಿ, ಮಂತ್ರ ಹೇಳಿ, ವೈರು ಕಿತ್ತರು. ಹಳದಿ ಹೋಯಿತು. "ಸಾಗಿದ," ಅಂದರು. ಶೇಖಮ್ಮ ಗೋಡೆಗೆ ಒರಗಿ ಅತ್ತರು. ಗಂಗಾಳೂ ಅತ್ತಳು. ಅತ್ತು, ಮುಖ ತೊಳೆದು, ಚೀಲ ತೆಗೆದುಕೊಂಡು ಬಸ್ಸು ಹತ್ತಿದಳು.

ಗದ್ವಾಲ ಮುಟ್ಟುವ ಹೊತ್ತಿಗೆ ಶಾಲೆಯ ಆಫೀಸು ಮುಚ್ಚುವ ತಯಾರಿಯಲ್ಲಿತ್ತು. ಗುಮಾಸ್ತ ಸುರೇಂದರ್ ಹಾಜರಿ ಮಿಷನ್ನು ಮುಂದೆ ತಳ್ಳಿ, "ಬಲಗೈ ತೋರುಬೆರಳು ಇಡ್ರಿ ಮೇಡಂ," ಅಂದ.

ಇಟ್ಟಳು. ಮಿಷನ್ನು ಕೀಂಯ್ ಅಂದಿತು.

"ಒರೆಸಿ ಇಡ್ರಿ."

ಸೀರೆಗೆ ಒರೆಸಿ ಇಟ್ಟಳು. ಕೀಂಯ್. ಸುರೇಂದರ್ ಗಾಜು ಒರೆಸಿದ, ಮಿಷನ್ನು ಬಂದ್ ಮಾಡಿ ಚಾಲೂ ಮಾಡಿದ, ಗಡಿಯಾರ ನೋಡಿದ. ಗಂಗಾ ಬೆರಳನ್ನು ಮತ್ತೆ ಸೀರೆಗೆ ಉಜ್ಜಿದಳು. ಇಲ್ಲಿತನಕ ಬಂದು...

"ಬ್ಯಾರೆ ಬಳ್ಳು ಇಡ್ರಿ ನೋಡೋಣು."

ನಡುಬೆರಳು ಇಟ್ಟಳು. ತೊಗೊಂಡಿತು. ಅವತ್ತೇ ಕೆಲಸಕ್ಕೆ ಸೇರಿದಳು. ಇವತ್ತಿಗೂ ಅಲ್ಲೇ ಇದ್ದಾಳೆ. ಆಕೆಯ ಕ್ಲಾಸಿನ ಹುಡುಗಿಯರು ಗಣಿತದಲ್ಲಿ ಯಾರಿಗೂ ಸೋಲುವುದಿಲ್ಲವಂತೆ, ಅದು ಬೇರೆ ಮಾತು.

ಪದ್ಮಶ್ರೀ ಹೇಳಿದ್ದು ಇಷ್ಟು. ಅವಳ ಮಾತು ನಂಬುವವಳೇ ನಾನು, ಆದರೂ ಮುಂದಿನ ಸಲ ಗಂಗಾ ಸಿಕ್ಕಾಗ ಕೈ ಹಿಡಿದು ಕಿಟಕಿಯ ಬೆಳಕಿಗೆ ಒಯ್ದು ನೋಡಿದೆ. ಒಂಬತ್ತು ಬೆರಳಿಗೆ ಎಲ್ಲರಿಗೂ ಇರುವಂತೆ ಗೆರೆಗಳಿವೆ. ಬಲಗೈ ತೋರುಬೆರಳಿನ ತುದಿಯಲ್ಲಿ ಒಂದೂ ಇಲ್ಲ. ಸುಟ್ಟ ಗುರುತಿಲ್ಲ, ಗಾಯದ ಗುರುತಿಲ್ಲ, ಹಾಗೇ ನುಣುಪು. ಚರ್ಮದ ಡಾಕ್ಟರು ಕೂಡ ನೋಡಿ, ಇದು ಹುಟ್ಟಿನಿಂದಲೇ ಹೀಗಿರಬೇಕು ಅಂದರಂತೆ. ಆದರೆ ಹಿಂದೆ ಆಧಾರ್ ಮಾಡಿಸುವಾಗ ಅವಳ ಹತ್ತೂ ಬೆರಳಿನ ಗೆರೆಗಳನ್ನು ಮಿಷನ್ನು ತೊಗೊಂಡಿತ್ತು, ಈ ಬೆರಳಿನದೂ.

ನಡೆದದ್ದು ಹೌದು. ನಾನೇ ಮುಟ್ಟಿ ನೋಡಿದ್ದೇನೆ. ನೀವೂ ಯಾರಿಗಾದರೂ ಹೇಳಿ. ಹೇಳುವಾಗ ಊರು ಮರೆತರೂ ಚಿಂತೆಯಿಲ್ಲ, ಹೆಸರು ಬದಲಾದರೂ ಚಿಂತೆಯಿಲ್ಲ... ಬೆರಳು ಮಾತ್ರ ಸರಿಯಾಗಿ ಹೇಳಿ. ಬಲಗೈ. ತೋರುಬೆರಳು.