ಪ್ರಚಾರ ಸಮಿತಿಯ ಏಕೈಕ ಬಳಕೆದಾರರು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಅತಿಥಿಗಳ ಜೊತೆ ಬಂದು ಅವರಿಗಿಂತ ಮುಂದಿನ ಸಾಲು ಹಿಡಿದವರೇ, ಚಹಾ ಬರುವ ತನಕ ಎದ್ದು ಹೋಗಲಾರದ ನನ್ನ ಪ್ರೀತಿಯ ಸಭಿಕರೇ,

ನಮ್ಮ ಬಳಗ ಕಟ್ಟಿರುವ ಆಪರೇಟಿಂಗ್ ಸಿಸ್ಟಂ ಬಗ್ಗೆ ಎರಡು ಮಾತು. ಕಂಪ್ಯೂಟರನ್ನು ಎಬ್ಬಿಸಿ, ಕೂರಿಸಿ, ಕೆಲಸಕ್ಕೆ ಹಚ್ಚುವ ಮೂಲ ತಂತ್ರಾಂಶವಿದು. ಯಾವ ಕಂಪನಿಯೂ ಮಾಡಿದ್ದಲ್ಲ. ಸಂಬಳವಿಲ್ಲದೆ, ಸನ್ಮಾನವಿಲ್ಲದೆ, ಮನೆಯವರ ಸಮ್ಮತಿಯಿಲ್ಲದೆ ನಮ್ಮಂಥವರು ಸೇರಿ ಮಾಡಿದ್ದು. ಒಳಗೇನಿದೆ ಎಂದು ಯಾರು ಬೇಕಾದರೂ ನೋಡಬಹುದು, ಯಾರು ಬೇಕಾದರೂ ತಿದ್ದಬಹುದು. ಕಟ್ಟುವವರು ಊರೆಲ್ಲ ಇದ್ದಾರೆ, ಬಳಸುವವರು ಎಲ್ಲಿದ್ದಾರೆ?

ಈ ಪ್ರಶ್ನೆಯಿಂದಲೇ ಪ್ರಚಾರ ಸಮಿತಿ ಹುಟ್ಟಿತು. ಪ್ರಾಸ ಕೂಡಿಸಲು ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ನಾನು ಸಂಚಾಲಕನಾದೆ. ಈ ವರ್ಷ ಒಬ್ಬರಾದರೂ ಹೊಸ ಬಳಕೆದಾರರು ನೆಲೆ ನಿಲ್ಲದಿದ್ದರೆ ಸಮಿತಿಯನ್ನೇ ಮುಚ್ಚುವುದೆಂದು ಬಳಗ ತೀರ್ಮಾನಿಸಿದೆ. ಆ ಒಬ್ಬರು ಸಿಕ್ಕಿದ್ದಾರೆ. ಅವರನ್ನು ಅಭಿನಂದಿಸಲೆಂದೇ ಈ ಸಭೆ. ಅವರು ಸದ್ಯ ಒಳಗೆ ಕೆಲಸದಲ್ಲಿದ್ದಾರೆ.

ಅವರು ಸಿಗುವುದೇನು ಸುಲಭವಿತ್ತೇ? ನಾನು ಬರೆದ ಘೋಷಣೆ ಹೀಗಿತ್ತು: "ಬೆಲೆಯಿಲ್ಲ, ಬೀಗವಿಲ್ಲ, ಬಳಸಲು ಬವಣೆಯಿಲ್ಲ." ಆದರೆ ನಮ್ಮಲ್ಲಿ ಯಾರು ಬೇಕಾದರೂ ತಿದ್ದಬಹುದಲ್ಲವೇ? ಬಳಗದ ಬ್ಯಾಂಕ್ ಗುಮಾಸ್ತರೊಬ್ಬರು, "ಬವಣೆಯಿಲ್ಲ ಅಂದ್ರೆ ಸುಳ್ಳಾಗುತ್ತೆ ಸಾರ್" ಎಂದು, "ಬವಣೆ ಮೊದಲ ವಾರ ಮಾತ್ರ" ಎಂದು ತಿದ್ದಿದರು. ಗಣಿತದ ಮೇಷ್ಟ್ರು, "ಪ್ರಿಂಟರ್ ಇದ್ದವರಿಗೆ ಎರಡು ವಾರ" ಎಂದು ಸೇರಿಸಿದರು. ಇನ್ನೊಬ್ಬರು 'ಬೆಲೆಯಿಲ್ಲ' ಎಂಬುದರ ಕೆಳಗೆ "ಕರೆಂಟ್ ಬಿಲ್ ಪ್ರತ್ಯೇಕ" ಎಂದು ಅಡಿಟಿಪ್ಪಣಿ ಹಾಕಿದರು. ಬ್ಯಾನರ್ ಅಚ್ಚಾಗಿ ಬಂದಾಗ ಮಾತ್ರೆ ಡಬ್ಬಿಯೊಳಗಿನ ಚೀಟಿಯಂತಿತ್ತು. ತಮ್ಮ ಸರಕಿನ ಹುಳುಕನ್ನು ತಾವೇ ಡಂಗುರ ಸಾರುವ ವ್ಯಾಪಾರಿಗಳನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?

ಅದನ್ನೂ ಓದಿ ಹಿರಿಯರೊಬ್ಬರು, ಆ ಬ್ಯಾನರ್ ಕಟ್ಟಿ ನಾವು ತೆರೆದಿದ್ದ ಪ್ರಚಾರ ಮಳಿಗೆಗೆ ಬಂದರು. "ನಿಮ್ಮದರಲ್ಲೇ ನಾಕಾರು ಥರ ಇದ್ಯಂತಲ್ಲ, ನಂಗೆ ಯಾವುದು ಸರಿಹೋಗುತ್ತಪ್ಪ?" ಎಂದರು. ಅಲ್ಲಿದ್ದ ನಾವೆಲ್ಲ ಒಂದೊಂದು ಹೆಸರು ಹೇಳಿ ನಮ್ಮನಮ್ಮಲ್ಲೇ ಜಗಳಕ್ಕೆ ನಿಂತೆವು. "ನೀವು ತೀರ್ಮಾನ ಮಾಡ್ಕೊಂಡಿರಿ, ಕಟಿಂಗ್ ಮಾಡಿಸ್ಕೊಂಡು ಬರ್ತೀನಿ" ಎಂದು ಹೋದರು. ಇಷ್ಟು ಹೊತ್ತಿಗೆ ಅವರ ಕೂದಲು ಮತ್ತೆ ಬೆಳೆದಿರಬೇಕು.

ಕೊನೆಗೆ ಕೈ ಹಿಡಿದವರು ಹೊಲಿಗೆಯಂಗಡಿಯ ಒಡತಿ. ಅವರು ಮೊದಲೇ ನನ್ನ ಕೈ ಹಿಡಿದ ಹೆಂಡತಿ ಎಂಬುದು ಕೇವಲ ಕಾಕತಾಳೀಯ. ಅವರು ದಾರ ತರಲು ಪೇಟೆಗೆ ಹೋಗಿದ್ದಾಗ ಅಂಗಡಿಯ ಕಂಪ್ಯೂಟರಿನಿಂದ ಹಳೆಯ ಸಿಸ್ಟಂ ತೆಗೆದು ನಮ್ಮದನ್ನು ಹಾಕಿದ್ದು ಪ್ರಚಾರದ ಒಂದು ವಿಧಾನ.

ಪೇಟೆಯಿಂದ ಬಂದವರು ಪರದೆಯ ಮೇಲಿನ ಹೊಸ ಚಿತ್ರ ನೋಡಿ, "ಏನ್ರೀ ಇದು, ಬೆಟ್ಟ ಬಂದು ಕೂತಿದೆ?" ಎಂದರು.

"ಹೊಸತು, ಹಗುರ, ಹಾಯಾದದ್ದು" ಎಂದೆ.

"ನಿಮ್ಮ ಪ್ರಾಸಕ್ಕೆ ಬೆಂಕಿ ಬೀಳ. ಕಸೂತಿ ಮೆಷಿನ್ ಯಾಕೆ ಕಂಪ್ಯೂಟರ್ ಮಾತು ಕೇಳ್ತಿಲ್ಲ? ಶಾಲೆಯ ಅಂಗಿಗಳಿಗೆಲ್ಲ ಸಂಜೆಯೊಳಗೆ ಲಾಂಛನ ಹಾಕಿ ಕೊಡ್ಬೇಕು."

ಬಳಗದಲ್ಲಿ ಎಲ್ಲರಿಗೂ ಹೇಳುವುದನ್ನೇ ನಾನು ವಿನಯದಿಂದ ಹೇಳಿದೆ: "ತೊಂದರೆ ಕಂಡವರು ತಾವೇ ಸರಿಪಡಿಸಿ ನಮಗೆ ಕಳಿಸಿಕೊಡಬಹುದು."

ಅವರು ಕತ್ತರಿ ಕೆಳಗಿಟ್ಟರು. ಅದು ಅವರ ಔದಾರ್ಯ. "ಭಾಷಣ ಮಾಡೋದಿದ್ರೆ ಹೊರಗೆ ನಿಂತು ಮಾಡಿ" ಎಂದರು. ನಾನು ಮಾಡುತ್ತಿದ್ದೇನೆ.

ಸಭಿಕರೇ, ಅಧ್ಯಕ್ಷರಿಲ್ಲ, ಅತಿಥಿಗಳಿಲ್ಲ, ನೀವೂ ಇಲ್ಲ. ಇದು ಅಂಗಡಿಯ ಮೆಟ್ಟಿಲು. ಎದುರಿಗಿರುವುದು ಒಳಗಿಂದ ಚಿಲಕ ಹಾಕಿದ ಬಾಗಿಲು.

ಕೇಳಿಸ್ತಾ ಇದ್ಯಾ? ನಿನ್ನ ಕೇಳದೆ ಹಾಕಿದ್ದು ತಪ್ಪು ಕಣೇ. ಹಳೇದನ್ನೇ ಮತ್ತೆ ಹಾಕ್ಕೊಡ್ತೀನಿ. ಸಮಿತಿ ಮುಚ್ಚಿಹೋಗ್ಲಿ, ಬಳಗಕ್ಕೆ ನಾನೇ ಹೇಳ್ತೀನಿ. ಅಂಗಿ ತಡ ಆದ್ರೆ ಶಾಲೆಗೂ ನಾನೇ ಹೋಗಿ ಬೈಸ್ಕೊಂಡು ಬರ್ತೀನಿ. ಇಷ್ಟು ಹೊತ್ತು ಒಳಗಿಂದ ಬೈಯದೆ ಇದ್ದಿದ್ದಕ್ಕೆ ಧನ್ಯವಾದ.

ನಮಸ್ಕಾರ. ಬಾಗಿಲು ತೆಗಿ.