ಹಳೇ ಕಾರ್ಡಿನ ಸಮುದ್ರ

ಎಲೆಕ್ಟ್ರಾನಿಕ್ ಸಿಟಿಯ ಸ್ಟಾಪಿನಲ್ಲಿ ಇಬ್ಬರು ಹುಡುಗಿಯರ ಮಾತಿಗೆ ಕಿವಿಗೊಟ್ಟು ಮಹಾದೇವಿ ತನ್ನ ಅತ್ತಿಬೆಲೆ ಬಸ್ಸನ್ನೇ ಬಿಟ್ಟಳು. ಕಂಪ್ಯೂಟರ್ ಪರದೆಯಲ್ಲಿ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡುಗಳನ್ನು ಪರೀಕ್ಷಿಸುವವರು ಅವರು.

“ಎರಡ್ರಲ್ಲಿ ಯಾವ ಕಾರ್ಡು ಚೆನ್ನಾಗಿದೆ, ಶೈಲಾ?”

“ಹೊಸದೇ ಕಣೇ ರಕ್ಷಿತಾ. ಟೆಸ್ಟಲ್ಲಿ ಬರೋ ಸಮುದ್ರ ಇದೆಯಲ್ಲ, ಅದರ ಅಲೆ ಸಲೀಸಾಗಿ ದಡಕ್ಕೆ ಬರುತ್ತೆ. ಹಳೇದ್ರಲ್ಲಿ ತಡವರಿಸುತ್ತೆ.”

“ಮತ್ಯಾಕೆ ಮುಖ ಸಪ್ಪಗಿದೆ?”

“ಹೊಸದು ಒಂದೇ ಸಲಕ್ಕೆ ಪಾಸು, ಕಿತ್ತಿಡಬೇಕು. ಹಳೇದನ್ನ ಮೂರು ಸಲ ಓಡಿಸು ಅಂತಾರೆ. ಮೂರು ಸಲ ಸಮುದ್ರ!”

“ಹೋಗೇ ಹುಚ್ಚಿ, ನಿಜವಾದ ಸಮುದ್ರಾನೇ ನೋಡ್ಕೊಂಡು ಬಾ.”

“ಯಾವಾಗ? ಭಾನುವಾರಾನೂ ಓವರ್‌ಟೈಮ್ ಅಲ್ವೇನೇ?”

ಆನೇಕಲ್ ಬಸ್ಸು ಬಂತು. ಮೆಟ್ಟಿಲೇರಿದ ಶೈಲಾ ಕೆಳಗೇ ನಿಂತ ರಕ್ಷಿತಾಳ ಕಡೆ ತಿರುಗಿ ಕೂಗಿದಳು.

“ನಾಳೆ ಹಳೇ ಕಾರ್ಡೆಲ್ಲ ನನ್ ಕಡೇನೇ ತಳ್ಳೇ!”