ಕಡವಿನಲ್ಲಿ ನಿಂತ ಒಂಬತ್ತು ಜನ

ಸತ್ತವರಿಗೆ ಕಾಯುವ ಕೆಲಸವಿಲ್ಲ ಎಂದು ಆಂಡಾಳ್ ಅಜ್ಜಿ ಹೇಳುತ್ತಿದ್ದರು. ಕರೆಂಟು ಹೋದ ರಾತ್ರಿ ಮೊಮ್ಮಕ್ಕಳು ಹಿತ್ತಲಿಗೆ ಹೋಗಲು ಹೆದರಿದಾಗಲೆಲ್ಲ ಇದೇ ಮಾತು. ಬಸ್ಸಿಗೆ ಕಾಯುವುದು, ರೇಷನ್ನಿಗೆ ಕಾಯುವುದು, ಕಾಗದಕ್ಕೆ ಕಾಯುವುದು, ಇವೆಲ್ಲ ಬದುಕಿದ್ದವರ ಪಾಡು. ಸತ್ತವರು ಹೊರಟುಬಿಡುತ್ತಾರೆ; ಕತ್ತಲಲ್ಲಿ ನಿಂತು ನಿಮ್ಮ ಮುಖ ನೋಡಲು ಅವರಿಗೆ ಪುರುಸೊತ್ತೆಲ್ಲಿ ಎಂದು ಬೆನ್ನು ಸವರಿ ಕಳಿಸುತ್ತಿದ್ದರು. ಅಭಿರಾಮ ಇಪ್ಪತ್ತಾರು ವರ್ಷ ಅದನ್ನು ನಂಬಿದ್ದ. ಆದರೆ ಹೊರಡು ಎಂದು ಯಾರೂ ಹೇಳದೇ ಹೋದರೆ? ಹೇಳುವ ತನಕ ಕದಲಬಾರದೆಂಬ ಶಿಸ್ತಿನಲ್ಲೇ ಒಬ್ಬ ಸತ್ತಿದ್ದರೆ... ಆಗ? ಅದನ್ನು ಕೇಳೋಣವೆಂದರೆ ಅಷ್ಟು ಹೊತ್ತಿಗೆ ಅಜ್ಜಿಯೇ ಇರಲಿಲ್ಲ.

ಅಭಿರಾಮ ನಮ್ಮ ಸೋದರತ್ತೆಯ ಮಗ. ಕತೆ ಕಟ್ಟುವ ಪೈಕಿಯಲ್ಲ. ಎರಡು ಸಾವಿರದ ಎರಡನೆಯ ಇಸವಿ, ಗಣೇಶನ ಹಬ್ಬ ಕಳೆದು ಒಂದು ವಾರ. ಚಾಮರಾಜಪೇಟೆಯಲ್ಲಿ ತಾನು ನಡೆಸುತ್ತಿದ್ದ ಡಿ.ಟಿ.ಪಿ. ಅಂಗಡಿಗೆ ಬೀಗ ಹಾಕಿ ಅವನು ಬಸವನಗುಡಿಯ ಮನೆಗೆ ಹೊರಟಾಗ ರಾತ್ರಿ ಹನ್ನೊಂದೂವರೆ. ದಾರಿ ಉಳಿಯುತ್ತದೆಂದು ಎರಡು ಸಾಲು ಮನೆಗಳ ಬೆನ್ನಿನ ನಡುವಿನ ಕಿರುಗಲ್ಲಿ ಹಿಡಿದ. ಅದರ ತುದಿಯಲ್ಲಿ, ನಲ್ಲಿ ನೀರು ಬಂದ ಮೇಲೆ ಯಾರೂ ಸೇದದ ಒಂದು ಹಳೆಯ ಬಾವಿ. ಮೇಲೆ ಕಬ್ಬಿಣದ ಜಾಲರಿ. ದೀಪವಿಲ್ಲ.

ಮೊದಲು ಸದ್ದು ಕೇಳಿಸಿತು. ಸ್‌ಸ್‌ಸ್... ಸ್ಟೇಷನ್ನು ತಪ್ಪಿದ ರೇಡಿಯೊದಂತೆ. ನಿಂತಿತು. ಮತ್ತೆ ಸ್‌ಸ್‌ಸ್... ಬಾವಿಯ ಕಟ್ಟೆಯ ಮೇಲೆ ಯಾರೋ ಕಂಬಳಿ ಹೊದ್ದು ಕುಳಿತಿದ್ದರು.

“ಹೊರಡೋಣ್ವಾ ಸಾರ್?”

ಪಿಸುಮಾತು. ಸವಾರಿಗೆ ಕಾದು ಕುಳಿತ ಆಟೋದವನಿರಬೇಕೆಂದು ಅಭಿರಾಮ ತಲೆ ಎತ್ತಿಯೂ ನೋಡಲಿಲ್ಲ.

“ಬೇಡಪ್ಪ. ಇಲ್ಲೇ ಇರಿ.”

“ಸರಿ ಸಾರ್.”

ರಾಮಕೃಷ್ಣ ಆಶ್ರಮದ ವೃತ್ತ ದಾಟುವಾಗ ಅವನಿಗೆ ಹೊಳೆಯಿತು. ಆ ಗಲ್ಲಿಗೆ ಆಟೋ ನುಗ್ಗುವುದಿಲ್ಲ. ಎದುರಿನಿಂದ ಸೈಕಲ್ಲು ಬಂದರೂ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು.

ಅಂದು ಅವನು ತಡವಾಗಿ ಹೊರಟದ್ದು ಒಂದು ಆಟದ ದೆಸೆಯಿಂದ. ಕಂಪ್ಯೂಟರಿನ ಯುದ್ಧದಾಟಗಳೆಂದರೆ ಅಭಿರಾಮನಿಗೆ ಪ್ರಾಣ. ಬಂದೂಕು ಹಿಡಿದು ಎದುರಿಗೆ ಬಂದವರನ್ನೆಲ್ಲ ಸುಡುವ ಆಟಗಳಲ್ಲ. ಜೇನುಗೂಡಿನಂತೆ ಆರು ಬದಿಯ ಮನೆಗಳಿರುವ ನಕ್ಷೆಯ ಮೇಲೆ, ಒಮ್ಮೆ ಅವರ ಸರದಿ ಒಮ್ಮೆ ಇವರ ಸರದಿ ಎಂದು ತುಕಡಿಗಳನ್ನು ನಡೆಸುವ ನಿಧಾನದ ಆಟಗಳು. ಕನ್ನಡದ ಒಂದು ಕಂಪ್ಯೂಟರ್ ಮಾಸಪತ್ರಿಕೆ ಅವನಿಂದ ಇಂಥ ಆಟಗಳಲ್ಲಿ ಅತ್ಯುತ್ತಮವಾದ ಹತ್ತನ್ನು ಆರಿಸಿ ಬರೆದುಕೊಡಲು ಕೇಳಿತ್ತು. ಎಸ್.ಪಿ. ರೋಡಿನಿಂದ ತಂದ ಸಿ.ಡಿ.ಗಳನ್ನು ಅವನು ಅಂಗಡಿಯ ಕೆಲಸ ಮುಗಿದ ಮೇಲೆ ಒಂದೊಂದಾಗಿ ಆಡಿ ಟಿಪ್ಪಣಿ ಮಾಡುತ್ತಿದ್ದ.

ಒಂದು ಸಂಜೆ ಅಂಗಡಿಯ ಪಕ್ಕದ ಮನೆಯ ಚಕ್ರಪಾಣಿ ವಿಳಾಸದ ಕಾರ್ಡು ಮಾಡಿಸಲು ಬಂದರು. ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವರು. ಎಪ್ಪತ್ತೊಂದರ ಯುದ್ಧ ಕಂಡು, ಮರುವರ್ಷವೇ ಬಿಟ್ಟು ಬಂದವರು. ಬೆನ್ನ ಹಿಂದೆ ನಿಂತು ಪರದೆಯನ್ನು ಬಹಳ ಹೊತ್ತು ನೋಡಿ, “ಆ ತುಕಡಿಗೆ ಊಟ ಎಲ್ಲಿಂದ ಬರುತ್ತೆ?” ಎಂದರು. ಆ ಆಟದಲ್ಲಿ ಊಟದ ಲೆಕ್ಕವೇ ಇರಲಿಲ್ಲ. “ಹಾಗಾದ್ರೆ ಅವರು ಸೈನಿಕರಲ್ಲ, ಕೇರಂ ಕಾಯಿಗಳು,” ಎಂದು ಹೋದವರು ಮರುದಿನ ಕಾರ್ಡಿನ ವಿಷಯ ಮರೆತು ಬರೀ ಆಟ ನೋಡಲು ಬಂದರು. ಪಟ್ಟಿಯನ್ನು ಇಬ್ಬರೂ ಸೇರಿ ತಿದ್ದತೊಡಗಿದರು. ಮದ್ದುಗುಂಡು ಮುಗಿಯದ ಆಟವನ್ನು ಅವರು ದೀಪಾವಳಿ ಎಂದು ಕರೆದು ತೆಗೆದುಹಾಕಿಸಿದರು. ಕೆಸರಿನಲ್ಲಿ ಟ್ರಕ್ಕು ಹೂತುಕೊಳ್ಳುವ ಆಟಕ್ಕೆ ತಲೆದೂಗಿದರು. ಒಂದು ಆಟದಲ್ಲಿ ಮಾತ್ರ, ಕೊಟ್ಟ ಆಜ್ಞೆ ಕೂಡಲೇ ತಲುಪುತ್ತಿರಲಿಲ್ಲ. ವೈರ್‌ಲೆಸ್ ಜೀಪು ಹತ್ತಿರವಿದ್ದರೆ ತಲುಪುತ್ತಿತ್ತು, ದೂರವಿದ್ದರೆ ಇಲ್ಲ. ಆಜ್ಞೆ ಸಿಗದ ತುಕಡಿ ಇದ್ದಲ್ಲೇ ಇದ್ದು ಸಾಯುತ್ತಿತ್ತು. ಅದನ್ನು ಕಂಡ ದಿನ ಅವರು ಹಾಸ್ಯ ಮಾಡಲಿಲ್ಲ. ಅಭಿರಾಮ ಅದನ್ನು ಪಟ್ಟಿಯ ಮೊದಲಿಗೆ ಬರೆದುಕೊಂಡ.

ಆ ಆಟದೊಳಗೆ ನಮ್ಮದೇ ರಣರಂಗ ಕಟ್ಟಿಕೊಳ್ಳುವ ಅನುಕೂಲವಿತ್ತು. ತಾನು ಹೇಳಿದ ಒಂದು ಜಾಗವನ್ನು ಕಟ್ಟಿಕೊಡಬಹುದೇ ಎಂದು ಚಕ್ರಪಾಣಿ ಕೇಳಿದರು. ಪೂರ್ವದ ಗಡಿಯ ಒಂದು ಹೊಳೆ. ದೋಣಿಯಲ್ಲಿ ದಾಟುವ ಕಡವು. ಕಡವಿನ ಆಚೆ ದಡದಲ್ಲಿ ಒಂಬತ್ತು ಜನರ ಕಾವಲು, ಅವರ ಮುಖಂಡ ಹವಾಲ್ದಾರ್ ಮರಿಯಣ್ಣ. ಈಚೆ ದಡದಲ್ಲಿ ಕ್ಯಾಪ್ಟನ್ ಮತ್ತು ವೈರ್‌ಲೆಸ್ ಜೀಪು. ಮರಿಯಣ್ಣ ನಮ್ಮ ಮಾವಳ್ಳಿಯವನೇ ಎಂದರು. ಹಿಂದೆ ಬನ್ನಿ ಎಂದು ತಾನು ಆಜ್ಞೆ ಕೊಟ್ಟರೂ ಹಟಮಾರಿ ಅಲ್ಲೇ ನಿಂತ, ಜೊತೆಯ ಎಂಟು ಜನರನ್ನೂ ಕಳೆದ, ಹೆಣವೂ ಸಿಗಲಿಲ್ಲ ಎಂದರು. ವರದಿಯಲ್ಲೂ ಹಾಗೆಯೇ ಇದೆ ಎಂದರು. ಆ ಒಂಬತ್ತು ಜನ ಬದುಕುವ ದಾರಿ ಇತ್ತೇ, ಇಲ್ಲವೇ? ಅದನ್ನೊಂದು ಸಲ ಆಡಿ ನೋಡಬೇಕಿತ್ತು ಚಕ್ರಪಾಣಿಯವರಿಗೆ.

ಗಲ್ಲಿಯಲ್ಲಿ ಆ ಧ್ವನಿ ಕೇಳಿದ್ದು ಆ ನಕ್ಷೆ ಮುಗಿಸಿ ಹೊರಟ ರಾತ್ರಿ.

ಮರುದಿನ ರಾತ್ರಿ ಆಟಕ್ಕೆ ಕುಳಿತರು. ಅಭಿರಾಮ ಶತ್ರುಪಕ್ಷ. ಶಟರ್ ಅರ್ಧ ಎಳೆದಿತ್ತು, ದೀಪ ಆರಿಸಿತ್ತು. ಮೊದಲನೆಯ ಸರದಿಯಲ್ಲೇ ಚಕ್ರಪಾಣಿ ವೈರ್‌ಲೆಸ್ ಜೀಪನ್ನು ಮೂರು ಮನೆ ಹಿಂದಕ್ಕೆ ಸರಿಸಿದರು. ಆರನೆಯ ಸರದಿಗೆ ಕಡವಿನ ಕಾವಲು ನಾಶವಾಯಿತು. ಎರಡನೆಯ ಸಲ ಆಡಿದರು. ಮತ್ತೆ ಮೊದಲು ಜೀಪು ಹಿಂದಕ್ಕೆ. ಜೀಪನ್ನು ಅಲ್ಲೇ ಬಿಟ್ಟರೆ ಆಜ್ಞೆ ತಲುಪುತ್ತದಲ್ಲ ಎಂದು ಅಭಿರಾಮ ಸೂಚಿಸಿದ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಮೂರನೆಯ ಸಲವೂ ಅವರ ಬೆರಳು ಮೊದಲು ಜೀಪಿನ ಕಡೆಗೇ ಹೋಯಿತು.

ಆಟ ಮುಗಿದಾಗ ಉಳಿದವರ, ಸತ್ತವರ ಪಟ್ಟಿ ಪರದೆಗೆ ಬರುತ್ತದೆ. ಕಡವಿನ ಕಾವಲಿನ ಎದುರು ಸೊನ್ನೆ ಇರಬೇಕಿತ್ತು. ಒಂಬತ್ತು ಎಂದಿತ್ತು. ಪಕ್ಕದಲ್ಲಿ, ಆಜ್ಞೆಗಾಗಿ ಕಾಯುತ್ತಿದೆ ಎಂಬ ಸೂಚನೆ. ಮೂರು ಸಲವೂ ಹಾಗೆಯೇ. ತಾನೇ ಎಲ್ಲೋ ತಪ್ಪು ತುಂಬಿರಬೇಕೆಂದು ಅಭಿರಾಮ ಕಂಪ್ಯೂಟರನ್ನು ಆರಿಸಿದ. ಫ್ಯಾನಿನ ಸದ್ದು ನಿಂತಿತು. ಕತ್ತಲಾಯಿತು. ಆಗಲೂ ಎಲ್ಲೋ... ಸ್‌ಸ್‌ಸ್...

“ನೆನ್ನೆ ರಾತ್ರಿನೂ ಇದೇ ಸದ್ದು ಸಾರ್,” ಎಂದ ಅಭಿರಾಮ. ಬಾವಿಯ ಬಳಿ ಕುಳಿತವನ ವಿಷಯ ಹೇಳಿದ.

“ಏನು ಕೇಳ್ದ?”

“ಹೊರಡೋಣ್ವಾ ಅಂತ.”

“ನೀನೇನಂದೆ?”

“ಇಲ್ಲೇ ಇರಿ ಅಂದೆ.”

ಚಕ್ರಪಾಣಿಯವರ ಮಾತು ಕತ್ತಲಲ್ಲಿ ಮೆಲ್ಲಗೆ ಬಂತು.

“ನೀನು ಅಷ್ಟಾದ್ರೂ ಹೇಳ್ದೆ ಅಭಿ. ನಾನು ಅದನ್ನೂ ಹೇಳಲಿಲ್ಲ.”

ಹೊಳೆಯಾಚೆ ಗುಂಡಿನ ಸದ್ದು ಕೇಳಿದೊಡನೆ ಇಪ್ಪತ್ತೆಂಟರ ಹರೆಯದ ಕ್ಯಾಪ್ಟನ್ ಮೊದಲು ಜೀಪು ಹತ್ತಿ ಹಿಂದೆ ಹೋಗಿದ್ದ. ಆಜ್ಞೆಯನ್ನು ಅಲ್ಲಿಂದ ಕಳಿಸಿದರಾಯಿತು ಎಂದುಕೊಂಡಿದ್ದ. ಅಲ್ಲಿಂದ ಮರಿಯಣ್ಣನ ಸೆಟ್ಟಿಗೆ ಮಾತು ತಲುಪಲಿಲ್ಲ. ಮರಿಯಣ್ಣನ ಮಾತು ಮಾತ್ರ ಈಚೆಗೆ ತಲುಪುತ್ತಿತ್ತು. ಹೊರಡೋಣ್ವಾ ಸಾರ್, ಎಂದು ಹತ್ತು ಹತ್ತು ನಿಮಿಷಕ್ಕೆ. ಬೆಳಗಿನ ಜಾವ ನಾಲ್ಕರವರೆಗೆ. ಆಮೇಲೆ ಬರೀ ಸ್‌ಸ್‌ಸ್... ಜೀಪು ವಾಪಸು ಕೊಂಡೊಯ್ಯುವ ಧೈರ್ಯ ಅವನಿಗೆ ಬರಲಿಲ್ಲ. ವರದಿ ಬರೆಯುವಾಗ ಕೈ ತಾನಾಗಿಯೇ ಬರೆಯಿತು: ಆಜ್ಞೆ ಕೊಡಲಾಗಿತ್ತು, ಹವಾಲ್ದಾರ್ ಪಾಲಿಸಲಿಲ್ಲ.

ಇದನ್ನು ಯಾರಿಗೂ ಹೇಳಬಾರದೆಂದು ಅವರು ಬೇಡಿಕೊಂಡರು. ಅಭಿರಾಮ ಆಯಿತು ಎನ್ನಲೂ ಇಲ್ಲ, ಇಲ್ಲ ಎನ್ನಲೂ ಇಲ್ಲ. ಆಟವೆಂದು ತಾನು ಒಂಬತ್ತು ಜನರನ್ನು ಮತ್ತೆ ಆ ದಡಕ್ಕೆ ಕರೆತಂದು ನಿಲ್ಲಿಸಿದೆ. ಅಷ್ಟು ಸಾಲದೆಂದು ಇಲ್ಲೇ ಇರಿ ಎಂದೂ ಹೇಳಿದೆ... ಎಂದು ಅವನಿಗೆ ಕುಳಿತಲ್ಲೇ ಬೆವರಿತು.

“ಬನ್ನಿ ಸಾರ್,” ಎಂದ. “ನೀವೇ ಹೇಳ್ಬೇಕು.”

ಗಲ್ಲಿಯಲ್ಲಿ ನಾಯಿಯೂ ಇರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಆ ಆಕಾರ ಹಾಗೆಯೇ ಕುಳಿತಿತ್ತು. ಕಂಬಳಿಯ ಅಂಚಿನಿಂದ ಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್... ಚಕ್ರಪಾಣಿ ಐದಾರು ಹೆಜ್ಜೆ ಈಚೆಗೇ ನಿಂತುಬಿಟ್ಟರು. ಅಭಿರಾಮನ ತೋಳನ್ನು ಹಿಡಿದ ಅವರ ಕೈ ಬಿಗಿಯಾಗುತ್ತ ಹೋಯಿತು.

“ಹೊರಡೋಣ್ವಾ ಸಾರ್?”

ಅವರು ಅಭಿರಾಮನ ತೋಳು ಬಿಟ್ಟು ಒಂದು ಹೆಜ್ಜೆ ಮುಂದಿಟ್ಟರು.

“ಸಾರ್... ಹೊರಡೋಣ್ವಾ?”

“ಮರಿಯಣ್ಣ...” ಎಂದರು ಚಕ್ರಪಾಣಿ. “ಹೊರಡಿ. ಎಲ್ರನ್ನೂ ಕರ್ಕೊಂಡು ಹೊರಡಿ.”

ಜಾಲರಿ ಕಿರ್‌ರ್ ಎಂದು ಒಮ್ಮೆ ಅಲುಗಿತು. ಆಮೇಲೆ ಬೂಟುಗಳು. ನೀರು ತುಂಬಿದ ಬೂಟುಗಳು. ಪಚಕ್... ಪಚಕ್... ಒಬ್ಬರ ಹಿಂದೆ ಒಬ್ಬರು, ಗೋಡೆಯ ಪಕ್ಕಕ್ಕೆ. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಪ್ರತಿಸಲವೂ ಹಸಿ ಉಣ್ಣೆಯ ನಾತವೊಂದು ಮುಖದ ಎದುರಿಗೆ ಹಾದು ಹೋಗುತ್ತಿತ್ತು. ಚಕ್ರಪಾಣಿ ಪಿಸುದನಿಯಲ್ಲಿ ಎಣಿಸುತ್ತಿದ್ದರು. ಐದು... ಆರು... ಏಳು... ಎಂಟು. ಎಂಟನೆಯ ಜೋಡಿ ಬೂಟು ಗಲ್ಲಿಯ ಬಾಯಿ ದಾಟಿತು.

ಒಂಬತ್ತನೆಯದು ಅವರ ಎದುರಿಗೆ ಬಂದು ನಿಂತಿತು.

“ನಮ್ಮನೇಲಿ ಏನಂತ ಹೇಳಿದೀರಿ ಸಾರ್?”

ಉತ್ತರಕ್ಕೆ ಅದು ಕಾಯಲಿಲ್ಲ. ಪಚಕ್... ಪಚಕ್... ದೂರವಾಯಿತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಕಲ್ಲು ಒಣಗಿತ್ತು.

ಬೆಳಗಿನವರೆಗೆ ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದರು. ಹಾಲಿನ ವ್ಯಾನು ಬಂದು ಹೋದ ಮೇಲೆ ಚಕ್ರಪಾಣಿ ಎದ್ದು ಆಟೋ ಹಿಡಿದರು. ಮಾವಳ್ಳಿ ಎಂದರು. ಅಭಿರಾಮನೂ ಹತ್ತಿ ಕುಳಿತ.

ಲಾಲ್‌ಬಾಗಿನ ಗೋಡೆಗೆ ಹತ್ತಿರದ ಒಂದು ಓಣಿ. ಬೀದಿ ನಲ್ಲಿಯ ಮುಂದೆ ಹೆಂಗಸರು ಕೊಡ ಸಾಲಿಟ್ಟು ನಿಂತಿದ್ದರು. ಮರಿಯಣ್ಣನ ಹೆಂಡತಿ ಲಕ್ಷ್ಮೀದೇವಮ್ಮ ತಮ್ಮ ಮನೆಯ ಹೊಸ್ತಿಲ ಮುಂದೆ ಪೊರಕೆ ಹಿಡಿದು ಗೊಣಗುತ್ತಿದ್ದರು. ಯಾರೋ ರಾತ್ರಿ ಮರಳು ತಂದು ಸುರಿದು ಹೋಗವ್ರೆ, ಈ ಬೀದೀಲಿ ಯಾರೂ ಮನೆ ಕಟ್ಟಿಸ್ತಾ ಇಲ್ಲ, ಎಷ್ಟು ಗುಡಿಸಿದ್ರೂ ಕಲ್ಲಿಗೆ ಅಂಟ್ಕಂಡೈತೆ, ಎಂದು. ಮಗ ಶಶಿಕುಮಾರ್ ಬಾಗಿಲಲ್ಲಿ ನಿಂತು ಹಲ್ಲುಜ್ಜುತ್ತಿದ್ದ. ಅಪ್ಪ ಕಾಣೆಯಾದ ನಾಲ್ಕು ತಿಂಗಳಿಗೆ ಹುಟ್ಟಿದವನು. ಮಾತು ಕೇಳದವನ ಮಗ ಎಂದು ಶಾಲೆಯಲ್ಲಿ, ಕೇರಿಯಲ್ಲಿ, ಕೊನೆಗೆ ಹೆಣ್ಣು ನೋಡಲು ಹೋದ ಮನೆಯಲ್ಲೂ ಅನ್ನಿಸಿಕೊಂಡವನು.

ತಾನು ಮರಿಯಣ್ಣನ ಕ್ಯಾಪ್ಟನ್ ಆಗಿದ್ದವನು ಎಂದರು ಚಕ್ರಪಾಣಿ. ಒಳಗೆ ಬನ್ನಿ ಎಂದರೂ ಹೋಗಲಿಲ್ಲ. ಬೀದಿಯಲ್ಲೇ, ಚಪ್ಪಲಿ ಬಿಟ್ಟು, ನೆಟ್ಟಗೆ ನಿಂತರು.

“ನಾನು ಆಜ್ಞೆ ಕೊಡ್ಲಿಲ್ಲ ತಾಯಿ. ನಿಮ್ಮ ಯಜಮಾನರು ಮಾತು ಮೀರಲಿಲ್ಲ. ರಾತ್ರಿಯೆಲ್ಲ ಕೇಳ್ತಾನೇ ಇದ್ರು. ನಾನು ಓಡಿಹೋಗಿದ್ದೆ. ಬರೆದದ್ದು ಸುಳ್ಳು.”

ನಲ್ಲಿಯ ನೀರು ಕೊಡ ತುಂಬಿ ಹೊರಗೆ ಸುರಿಯುತ್ತಿತ್ತು. ಯಾರೂ ನಿಲ್ಲಿಸಲಿಲ್ಲ.

ಶಶಿಕುಮಾರ್ ಬಾಯಿ ಮುಕ್ಕಳಿಸಿ ಉಗಿದ. “ಮೂವತ್ತೊಂದು ವರ್ಷ ಆಯ್ತು ಸಾರ್. ಈಗ ನೆನಪಾಯ್ತಾ?”

ಸೈನ್ಯದ ಕಚೇರಿಗೆ ಇವತ್ತೇ ಬರೆದು ಸಹಿ ಹಾಕಿ ಕಳಿಸುವುದಾಗಿ, ಅದರ ನಕಲನ್ನು ಈ ಮನೆಗೆ ತಂದುಕೊಡುವುದಾಗಿ ಚಕ್ರಪಾಣಿ ಹೇಳಿದರು. ಶಶಿಕುಮಾರ್ ಅವರನ್ನು ನೋಡುತ್ತಲೇ ಇದ್ದ. ಹೊಡೆಯುತ್ತಾನೇನೋ ಎಂದು ಅಭಿರಾಮ ಮುಂದೆ ಬಂದ. ಅವನು ಹೊಡೆಯಲಿಲ್ಲ. ಕೈಯಲ್ಲಿದ್ದ ಚೊಂಬನ್ನು ಮೆಲ್ಲಗೆ ಕೆಳಗಿಟ್ಟು ಹೊಸ್ತಿಲ ಮೇಲೆ ಕುಳಿತುಬಿಟ್ಟ. ಲಕ್ಷ್ಮೀದೇವಮ್ಮ ಕೇಳಿದ್ದು ಒಂದೇ ಮಾತು.

“ಯಾವತ್ತು?”

“ಡಿಸೆಂಬರ್ ಏಳು. ಬೆಳಗಿನ ಜಾವ.”

ಆಕೆ ಪೊರಕೆಯನ್ನು ಗೋಡೆಗೆ ಆನಿಸಿದರು.

ಅಭಿರಾಮ ಬಗ್ಗಿ ಆ ಮರಳನ್ನು ಮುಟ್ಟಿದ. ಅದು ಕಟ್ಟಡದ ಮರಳಲ್ಲ. ನುಣ್ಣಗೆ, ಕಪ್ಪಗೆ, ಐಸಿನಂತೆ ತಣ್ಣಗಿತ್ತು. ನಡುವೆ ಅಕ್ಕಿಕಾಳಿನಷ್ಟು ಚಿಕ್ಕ ಹೊಳೆಚಿಪ್ಪುಗಳು. ಒಂದು ಚಿಟಿಕೆಯನ್ನು ಅವನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದ. ಹತ್ತು ಆಟಗಳ ಆ ಲೇಖನವನ್ನು ಅವನು ಕೊನೆಗೂ ಕೊಡಲಿಲ್ಲ. ಮರಳನ್ನು ನಮಗೆಲ್ಲ ತೋರಿಸಿದ. ಮುಂದಿನ ಬೇಸಗೆಯವರೆಗೂ ಅದು ಒಣಗಿರಲಿಲ್ಲ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಡೆದದ್ದು ನಡೆದದ್ದೇ. ನಲ್ಲಿಯ ಮುಂದೆ ನಿಂತಿದ್ದವರಲ್ಲಿ ಈಗಲೂ ಐದಾರು ಜನ ಮಾವಳ್ಳಿಯಲ್ಲಿದ್ದಾರೆ. ಅಂದು ಲಕ್ಷ್ಮೀದೇವಮ್ಮ ಏನು ಹೇಳಿದರೆಂದು ಅವರನ್ನೇ ಕೇಳಿ.

ಅಷ್ಟು ವರ್ಷವೂ ಪಿತೃಪಕ್ಷ ಬಂದರೆ ಆಕೆ ಅತ್ತೆಮಾವಂದಿರಿಗೆ ಎಲೆ ಹಾಕಿ ಎಡೆ ಇಡುತ್ತಿದ್ದರು. ಗಂಡನಿಗೆ ಇಟ್ಟಿರಲಿಲ್ಲ. ಬಾ ಅಂದರೂ ಬರದೆ ಹೋದವರಿಗೆ ಎಡೆ ಯಾಕೆ ಎಂಬುದು ಆಕೆಯ ಸಿಟ್ಟು. ಯಾರು ಹೇಳಿದರೂ ಕೇಳಿರಲಿಲ್ಲ. ಅಂದು ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದು, ಕೊಡ ಹಿಡಿದು ನಿಂತ ಹೆಂಗಸರ ಕಡೆಗೆ ಒಮ್ಮೆ, ಮಗನ ಕಡೆಗೆ ಒಮ್ಮೆ ನೋಡಿದರು.

“ಈ ಸಲ ಅವ್ರಿಗೆ ಎಡೆ ಇಡ್ತೀನಿ,” ಎಂದರು. “ಒಂಬತ್ತು ಎಲೆ ಹಾಕ್ತೀನಿ. ಬೀದಿಯೋರೆಲ್ಲ ಬನ್ನಿ.” ಆಮೇಲೆ ಚಕ್ರಪಾಣಿಯವರ ಕಡೆ ತಿರುಗಿ, ದನಿ ಏರಿಸದೆ ಹೇಳಿದರು. “ನೀವು ಬರಬೇಡಿ ಸಾರ್.”